ಪರ–ವಿರೋಧ: ಸಣ್ಣ ಉದ್ದಿಮೆದಾರರು ‘ಉದ್ಯಮ್’ ನೋಂದಣಿ ಮಾಡಿಸಲೇಬೇಕೇ?

ಮಗ್ಗ, ವೆಲ್ಡಿಂಗ್ ಶಾಪು, ಬೇಕರಿ, ಅಂಗಡಿ ಏನೇ ನಡೆಸುತ್ತಿದ್ದರೂ ಮೊದಲು ಸಣ್ಣ ಉದ್ದಿಮೆಗಳಿಗಾಗಿ ಇರುವ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿ ಎನ್ನುವ ಸಲಹೆ ಬ್ಯಾಂಕುಗಳಲ್ಲೂ ಸಂಘಗಳ ಸಭೆಗಳಲ್ಲೂ ಕೇಳಿಬರುತ್ತದೆ. ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆಯೇ ಎಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಇಬ್ಬರನ್ನು ಕೇಳಿದೆವು.

ಪರ

45 ದಿನದ ಹಕ್ಕನ್ನು ಬಿಟ್ಟುಕೊಡಬೇಡಿ

(ಲೇಖಕರು ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮಾಲೀಕರು)

ನಮ್ಮ ಊರಿನಲ್ಲಿ ಮಗ್ಗದವರು ನಾಲ್ಕು ಜನ ಸೇರಿದರೆ ಬರುವ ಮಾತು ಎರಡು. ಸೂರತ್ತಿನ ಸೀರೆ ನಮ್ಮ ಡಿಸೈನನ್ನೇ ಹೊತ್ತು ಕಡಿಮೆ ಬೆಲೆಗೆ ಬಂದು ಬೀಳುತ್ತಿದೆ ಎನ್ನುವುದು ಒಂದು. ಪೇಟೆಯಿಂದ ಬಾಕಿ ಬಂದಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಬಳಿ ಉತ್ತರವಿಲ್ಲ. ಎರಡನೆಯದಕ್ಕೆ ಕಾನೂನಿನಲ್ಲೇ ಉತ್ತರವಿದೆ. 2006ರಿಂದ ಇದೆ. ನಾವು ಅದನ್ನು ಕೈಗೆತ್ತಿಕೊಂಡಿಲ್ಲ.

ನಮ್ಮ ಕಸುಬಿನ ಲೆಕ್ಕ ಗೊತ್ತಿದ್ದವರಿಗೆ ಇದರ ನೋವು ಗೊತ್ತು. ನೂಲಿಗೆ ನಗದು ಕೊಡಬೇಕು. ವಾರ್ಪು ಹಾಕಿಸಿದವನಿಗೆ ಆಗಲೇ ಕೊಡಬೇಕು. ಮಗ್ಗ ನಡೆಸುವವರಿಗೆ ವಾರದ ಬಟವಾಡೆ ತಪ್ಪಿಸುವಂತಿಲ್ಲ. ಸೀರೆ ಮಾತ್ರ ಉದ್ರಿ. ಬೆಂಗಳೂರಿನ ಸಗಟು ಅಂಗಡಿಗೆ ಮಾಲು ಹಾಕಿದರೆ ‘ಹಬ್ಬ ಕಳೀಲಿ, ನೋಡೋಣ’ ಎನ್ನುತ್ತಾರೆ. ಗೌರಿ ಹಬ್ಬ ದಸರೆಗೆ ಹೋಗುತ್ತದೆ, ದಸರೆ ದೀಪಾವಳಿಗೆ ಹೋಗುತ್ತದೆ. ಅಷ್ಟು ದಿನ ಆ ಅಂಗಡಿ ನಡೆಯುವುದು ಕುಚ್ಚಪ್ಪನಪೇಟೆಯ, ಕರೇನಹಳ್ಳಿಯ ಮಗ್ಗದವರ ಹಣದಲ್ಲಿ. ನಾವು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಸಾಲ ತಂದು, ನಮಗಿಂತ ದೊಡ್ಡವರಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದೇವೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೋಂದಣಿ ಮಾಡಿಸಿರುವವರಲ್ಲೂ ಅನೇಕರಿಗೆ ಇದು ಗೊತ್ತಿಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಒಪ್ಪಿಕೊಂಡ ದಿನಾಂಕದೊಳಗೆ ಹಣ ಕೊಡಬೇಕು. ಬರವಣಿಗೆಯಲ್ಲಿ ಏನೇ ಒಪ್ಪಂದವಿದ್ದರೂ ಆ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮಾಲು ಸರಿಯಿಲ್ಲ ಎನ್ನುವವರು ಅದನ್ನು 15 ದಿನದೊಳಗೆ ಬರೆದು ತಿಳಿಸಬೇಕು. ತಿಳಿಸದಿದ್ದರೆ ಮಾಲು ಒಪ್ಪಿಕೊಂಡಂತೆಯೇ ಲೆಕ್ಕ. ಆರು ತಿಂಗಳ ಮೇಲೆ ‘ಸೀರೇಲಿ ಡ್ಯಾಮೇಜ್ ಇತ್ತು’ ಎಂದು ಹಣ ಮುರಿಯುವುದಕ್ಕೆ ಅಲ್ಲಿಗೆ ಬಾಗಿಲು ಮುಚ್ಚುತ್ತದೆ.

ಗಡುವು ಮೀರಿದರೆ 16ನೇ ಸೆಕ್ಷನ್ ಬರುತ್ತದೆ. ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಇದ್ದರೆ ಇದು ಶೇ 16.5. 2 ಲಕ್ಷ ರೂಪಾಯಿಯ ಮಾಲಿಗೆ ಗಡುವು ಕಳೆದು ಆರು ತಿಂಗಳಾದರೆ ಬಡ್ಡಿಯೇ ಸುಮಾರು 17 ಸಾವಿರ ಆಗುತ್ತದೆ. ಇದೇ 2 ಲಕ್ಷಕ್ಕೆ ನಾವು ಹೊರಗೆ ತೆರುವ ಬಡ್ಡಿ ಅಷ್ಟೇ ಅವಧಿಗೆ 24 ಸಾವಿರ. ಹೌದು, ಕಾನೂನು ಕೊಡಿಸುವುದು ನಮ್ಮ ನಷ್ಟವನ್ನು ಪೂರ್ತಿ ತುಂಬುವುದಿಲ್ಲ. ಆದರೆ ಇವತ್ತು ನಮ್ಮ ಕೈಗೆ ಬರುತ್ತಿರುವ ಬಡ್ಡಿ ಸೊನ್ನೆ.

ಕೊಡದಿದ್ದರೆ ‘ಸಮಾಧಾನ್’ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬಹುದು, ಅದು ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಮಂಡಳಿ ಮೊದಲು ರಾಜಿ ಮಾಡಿಸಲು ನೋಡುತ್ತದೆ, ಆಗದಿದ್ದರೆ ತೀರ್ಪು ಕೊಡುತ್ತದೆ. ನನಗೆ ಈ ಕಾಯ್ದೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು 19ನೇ ಸೆಕ್ಷನ್. ತೀರ್ಪಿನ ವಿರುದ್ಧ ಕೊಂಡವನು ಕೋರ್ಟಿಗೆ ಹೋಗಬೇಕಾದರೆ ತೀರ್ಪಿನ ಮೊತ್ತದ ಶೇ 75ರಷ್ಟನ್ನು ಮೊದಲೇ ಕಟ್ಟಬೇಕು. ಕೋರ್ಟಿಗೆ ಎಳೆದಾಡಿ ಸುಸ್ತು ಮಾಡುವ ಹಳೆಯ ಉಪಾಯ ಇಲ್ಲಿ ಸುಲಭವಾಗಿ ನಡೆಯದು.

2023–24ನೇ ಸಾಲಿನ ಲೆಕ್ಕದಿಂದ ಆದಾಯ ತೆರಿಗೆಯಲ್ಲೂ ಇದಕ್ಕೆ ಬಲ ಬಂದಿದೆ. ಸೂಕ್ಷ್ಮ, ಸಣ್ಣ ಉತ್ಪಾದಕರಿಗೆ ಗಡುವಿನೊಳಗೆ ಕೊಡದೆ ಮಾರ್ಚ್ 31ಕ್ಕೆ ಬಾಕಿ ಉಳಿಸಿಕೊಂಡವರು ಆ ಮೊತ್ತವನ್ನು ಆ ವರ್ಷದ ಖರ್ಚು ಎಂದು ತೋರಿಸುವಂತಿಲ್ಲ. ಲೆಕ್ಕಪರಿಶೋಧಕರ ಬಾಯಲ್ಲಿ ಇದು ‘43ಬಿ ಎಚ್’. ಮಾರ್ಚ್ ಬಂತೆಂದರೆ ಪೇಟೆಯಿಂದ ಫೋನು ಬರತೊಡಗಿದ್ದು ಇದರ ನಂತರವೇ: ‘ನಿಮ್ಮದು ಉದ್ಯಮ್ ಇದೆಯಾ?’

ಇಷ್ಟಕ್ಕೂ ಬೇಕಾದದ್ದು ಮಾಲು ಹಾಕುವ ಮೊದಲೇ ನೋಂದಣಿ ಆಗಿರುವುದು. ಬಾಕಿ ನಿಂತ ಮೇಲೆ ನೋಂದಣಿ ಮಾಡಿಸಿ ಹಿಂದಿನದಕ್ಕೆಲ್ಲ ಹಕ್ಕು ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರಲ್ಲಿ ಇನ್ನೊಂದು ಪೀಠ ಬೇರೆ ಅಭಿಪ್ರಾಯ ತಾಳಿ ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸಿದೆ. ಕೋರ್ಟು ಯಾವ ಕಡೆಗೆ ತೀರ್ಮಾನಿಸಿದರೂ ಮೊದಲೇ ಮಾಡಿಸಿದವರು ನಿಶ್ಚಿಂತರು. ಜೊತೆಗೆ ಬಿಲ್ಲು ಮತ್ತು ಡೆಲಿವರಿ ಚಲನ್ ಬೇಕು, ಅದರ ಮೇಲೆ ತೆಗೆದುಕೊಂಡವರ ಸಹಿ ಬೇಕು. ತುಂಡು ಚೀಟಿಯ ಮೇಲೆ ಬರೆದುಕೊಟ್ಟ ಲೆಕ್ಕವನ್ನು ಯಾವ ಮಂಡಳಿಯೂ ನಂಬಲಾರದು. ಬಿಲ್ಲಿನ ಮೇಲ್ಭಾಗದಲ್ಲೇ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ. ಕೂಲಿಗೆ ನೇಯ್ದುಕೊಡುವವರು ‘ನಮ್ಮದು ಬರೀ ಕೂಲಿ’ ಎಂದು ಹಿಂಜರಿಯಬೇಡಿ, ಸೇವೆ ಕೊಡುವವರಿಗೂ ಈ ಕಾಯ್ದೆ ಸಲ್ಲುತ್ತದೆ. ಹೊಸಕೋಟೆಯಲ್ಲಿ ಲೇತ್ ಇಟ್ಟುಕೊಂಡು ಕಂಪನಿಗಳಿಗೆ ಜಾಬ್‌ವರ್ಕ್ ಮಾಡುವವರಿಗೂ, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶಕ್ಕೆ ಪ್ಯಾಕಿಂಗ್ ಪೆಟ್ಟಿಗೆ ಮಾಡಿಕೊಡುವವರಿಗೂ ಇದೇ ಮಾತು.

‘ದೂರು ಕೊಟ್ಟರೆ ಗಿರಾಕಿ ಕೈಬಿಡ್ತಾನೆ’ ಎನ್ನುತ್ತಾರೆ. ಹಣ ಕೊಡದ ಗಿರಾಕಿಯನ್ನು ಉಳಿಸಿಕೊಂಡು ಮಾಡುವುದೇನು? ದೂರು ಕೊಡಿ ಎಂದು ಎಲ್ಲರಿಗೂ ನಾನು ಹೇಳುತ್ತಿಲ್ಲ. ಕೊಡಬಲ್ಲೆವು ಎಂಬುದು ಎದುರಿನವರಿಗೆ ಗೊತ್ತಿರಲಿ ಎನ್ನುತ್ತಿದ್ದೇನೆ.

ಸಾಲ, ಸಬ್ಸಿಡಿಗಳ ವಿಷಯ ಎಲ್ಲರೂ ಹೇಳುವಂಥದ್ದು, ಹಾಗಾಗಿ ಉದ್ದ ಮಾಡುವುದಿಲ್ಲ. ಸಾಲ ಖಾತರಿ ಯೋಜನೆಯಾಗಲಿ ಸರ್ಕಾರಿ ಖರೀದಿಯಾಗಲಿ ಎಲ್ಲ ಕಡೆ ಈ ಸಂಖ್ಯೆ ಕೇಳುತ್ತಾರೆ. 2023ರ ಬಜೆಟ್ಟಿನಲ್ಲಿ 10 ಎಚ್‌ಪಿವರೆಗಿನ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್ ಉಚಿತ ವಿದ್ಯುತ್ ಘೋಷಣೆಯಾಯಿತು. ಅಂಥ ಸವಲತ್ತು ತಲುಪುವುದು ದಾಖಲೆಯಲ್ಲಿರುವ ಮಗ್ಗಕ್ಕೆ. ನೋಂದಣಿಗೆ ಒಂದು ಪೈಸೆ ಶುಲ್ಕವಿಲ್ಲ. ಆಧಾರ್, ಪ್ಯಾನ್ ಇದ್ದರೆ ಸಾಕು, ಯಾವ ಕಾಗದವನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಜಿಎಸ್‌ಟಿ ಕಡ್ಡಾಯವಿರುವವರು ಮಾತ್ರ ಆ ಸಂಖ್ಯೆ ಕೊಡಬೇಕು. ಹಣ ಕೇಳುವ ಖಾಸಗಿ ಜಾಲತಾಣಗಳು ಬಹಳ ಇವೆ. ವಿಳಾಸದ ಕೊನೆಗೆ ‘ಗವ್ ಡಾಟ್ ಇನ್’ ಇದೆಯೇ ನೋಡಿಕೊಳ್ಳಿ.

ಮುಂದಿನ ಲೋಡು ಪೇಟೆಗೆ ಹೋಗುವ ಮೊದಲು ಈ ಕೆಲಸ ಮುಗಿಸಿ ಎಂದು ನಮ್ಮ ಮಗ್ಗದ ಬಂಧುಗಳನ್ನು ಕೈಮುಗಿದು ಕೇಳುತ್ತೇನೆ.

ವಿರೋಧ

ಅಂಗಡಿಯವನಿಗೆ ಅದರಿಂದ ಸಿಗುವುದು ಕಡಿಮೆ

(ಲೇಖಕರು ನೆಲಮಂಗಲದ ಹಾರ್ಡ್‌ವೇರ್ ವ್ಯಾಪಾರಿ)

ಎಲ್ಲರೂ ಮಾಡಿಸಲೇಬೇಕು ಎನ್ನುವ ಮಾತಿಗೆ ನನ್ನ ವಿರೋಧವಿದೆ. ಕೆಲವು ಕಾರಣಗಳನ್ನು ಕೊಡುತ್ತೇನೆ.

ಮೊದಲನೆಯದು, 45 ದಿನದ ಆ ರಕ್ಷಣೆ ವ್ಯಾಪಾರಿಗಳಿಗೆ ಇಲ್ಲ. ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳೂ ಉದ್ಯಮ್ ನೋಂದಣಿ ಮಾಡಿಸಬಹುದು ಎಂದು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆದೇಶ ಹೊರಡಿಸಿತು ನಿಜ, ಆದರೆ ಅದರ ಲಾಭ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ನಾನು ಸಿಮೆಂಟು, ಪೈಪು ಉದ್ರಿ ಕೊಟ್ಟ ಕಂಟ್ರಾಕ್ಟರು ವರ್ಷ ಸತಾಯಿಸಿದರೂ ಸೌಲಭ್ಯ ಮಂಡಳಿ ನನ್ನ ಅರ್ಜಿ ತೆಗೆದುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯ ಪೇಟೆ ಬೀದಿಗಳಲ್ಲಿ ಎಲ್ಲಿ ನೋಡಿದರೂ ಅಂಗಡಿಗಳೇ. ಅವರೆಲ್ಲರ ಮುಂದೆ ಈ ಹಕ್ಕಿನ ಆಸೆ ಇಡುವುದು ಸರಿಯಲ್ಲ.

ಎರಡನೆಯದು, ಆದಾಯ ತೆರಿಗೆಯ ಹೊಸ ನಿಯಮ ಬಂದಾಗ ಜವಳಿ ಪೇಟೆಗಳಲ್ಲಿ ಏನಾಯಿತು ಎಂಬುದನ್ನೂ ಹೇಳಬೇಕು. ಹಲವು ಕಡೆ ಕೊಳ್ಳುವವರು ಮಾಲು ವಾಪಸು ಕಳಿಸಿದರು, ನೋಂದಣಿ ಇಲ್ಲದವರಿಂದ ಕೊಳ್ಳುತ್ತೇವೆ ಎಂದರು, ಉದ್ಯಮ್ ರದ್ದು ಮಾಡಿಸಿಕೊಂಡು ಬನ್ನಿ ಎಂದೂ ಕೇಳಿದರು. ಎಲ್ಲ ಮಗ್ಗದವರೂ ಒಟ್ಟಿಗೆ ನೋಂದಣಿ ಮಾಡಿಸಿದರೆ ಈ ತೊಂದರೆ ಇರುವುದಿಲ್ಲ ಎನ್ನಬಹುದು. ಅದು ಒಪ್ಪುವ ಮಾತೇ. ಆದರೆ ಎಲ್ಲರೂ ಒಟ್ಟಿಗೆ ಮಾಡಿಸುವವರೆಗೆ ಮೊದಲು ಮಾಡಿಸಿದವರು ಗಿರಾಕಿ ಕಳೆದುಕೊಳ್ಳುವ ಭಯದಲ್ಲೇ ಇರಬೇಕು.

ಮೂರನೆಯದು ಭಯ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟದ್ದು ಎಲ್ಲರಿಗೂ ನೆನಪಿದೆ. ತರಕಾರಿ, ಹಾಲು ಮಾರುವವರಿಗೂ ಲಕ್ಷಗಳ ಲೆಕ್ಕ ಬಂತು. ಅಂಗಡಿಗಳ ಮುಂದಿನ ಕ್ಯೂಆರ್ ಕೋಡು ಕಿತ್ತು ‘ನಗದು ಮಾತ್ರ’ ಎಂದು ಬರೆದರು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಜಿಎಸ್‌ಟಿ ನೋಂದಣಿ ಮಾಡಿಸಿ ಎಂದರು. ಇಷ್ಟಾದ ಮೇಲೆ ಪ್ಯಾನ್‌ಗೆ ಜೋಡಿಸುವ ಇನ್ನೊಂದು ನೋಂದಣಿ ಎಂದರೆ ಜನ ಹೆದರುವುದು ಸಹಜ. ಉದ್ಯಮ್‌ಗೂ ಆ ನೋಟಿಸಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆಯವರಿಗೆ 20 ಲಕ್ಷ ದಾಟಿದರೆ ಉದ್ಯಮ್ ಇರಲಿ ಬಿಡಲಿ ಜಿಎಸ್‌ಟಿ ತಪ್ಪುವುದಿಲ್ಲ. ದಾಟಿದವರು ಹೆದರಿ ಕೂರುವ ಬದಲು ರಾಜಿ ತೆರಿಗೆ ಪದ್ಧತಿಗೆ ಸೇರುವುದು ಒಳ್ಳೆಯದು: ಒಂದೂವರೆ ಕೋಟಿವರೆಗೆ ವ್ಯಾಪಾರಿಗೆ ಶೇ 1 ತೆರಿಗೆ. ಅದನ್ನು ನಾನೂ ಹೇಳುತ್ತೇನೆ.

ನಾಲ್ಕನೆಯದು ಸಾಲ. ಸೂಕ್ಷ್ಮ, ಸಣ್ಣ ಉದ್ದಿಮೆಗಳಿಗೆ 10 ಲಕ್ಷದವರೆಗೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕು 2010ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆದರೂ ಶಾಖೆಗೆ ಹೋದವರಿಗೆ ಮೊದಲು ಕೇಳಿಸುವ ಪ್ರಶ್ನೆ ‘ಜಾಮೀನಿಗೆ ಏನಿದೆ?’ ಎಂಬುದೇ. ಪ್ರಮಾಣಪತ್ರ ತೋರಿಸಿದ ಮಾತ್ರಕ್ಕೆ ಬ್ಯಾಂಕು ಕರಗುವುದಿಲ್ಲ. ಮೂರು ವರ್ಷದ ತೆರಿಗೆ ರಿಟರ್ನ್, ಖಾತೆಯ ವಹಿವಾಟು, ಹಳೆಯ ಸಾಲದ ಕಂತು ನೋಡುತ್ತಾರೆ.

ನನ್ನ ಪ್ರಕಾರ ಹೊಸಬರಿಗೆ ನೋಂದಣಿಗಿಂತ ಮೊದಲು ಬೇಕಾದದ್ದು ಲೆಕ್ಕ ಬರೆಯುವ ಅಭ್ಯಾಸ. ನಮ್ಮ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಧರ್ಮಸ್ಥಳದ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಶುರು ಮಾಡಿದ ಪ್ರಯೋಗದ ಕೊಂಬೆ ಅದು. ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತಾರೆ, ಕಸುಬಿನ ಜೊತೆಗೆ ಬಂಡವಾಳ, ಲಾಭ, ಗಿರಾಕಿ, ಬ್ಯಾಂಕಿನ ವ್ಯವಹಾರ ಹೇಳಿಕೊಡುತ್ತಾರೆ, ಮುಗಿದ ಮೇಲೂ ವಿಚಾರಿಸಿಕೊಳ್ಳುತ್ತಾರೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರೇ ಮೊದಲಾದವರಿಗೆ ಶೇ 35 ಸಬ್ಸಿಡಿ ಸಿಗುತ್ತದೆ. ಆದರೆ ಆ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಇರುತ್ತದೆ, ಅಷ್ಟು ಕಾಲ ಘಟಕ ನಡೆದರೆ ಮಾತ್ರ ಸಾಲಕ್ಕೆ ವಜಾ ಆಗುತ್ತದೆ. ಸಬ್ಸಿಡಿ ಆಸೆಗೆ ಶುರು ಮಾಡಿದವರು ಅಲ್ಲಿಯವರೆಗೆ ನಿಲ್ಲುವುದು ಕಷ್ಟ.

ಮಗ್ಗದವರು, ಲೇತಿನವರು, ತಿಂಡಿ ತಯಾರಿಸುವವರು ಮಾಡಿಸಿಕೊಳ್ಳಲಿ. ನಮ್ಮ ಅಂಗಡಿ ಪಕ್ಕದ ವೆಲ್ಡಿಂಗ್ ಶಾಪಿನ ಹುಡುಗನಿಗೆ ಮಾಡಿಸು ಎಂದು ಹೇಳಿದ್ದು ನಾನೇ. ಕೊಂಡು ಮಾರುವ ಅಂಗಡಿಯವರು ಮಾತ್ರ, ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇಲ್ಲದಿದ್ದರೆ, ಇದಕ್ಕಾಗಿ ಅವಸರಪಡಬೇಕಿಲ್ಲ.