13 ಗಂಟೆ ಯಾರಿಗೆ ಬೇಕು ಸ್ವಾಮಿ?

ಮೊನ್ನೆ ಆಫೀಸಿನ ಗೆಳೆಯನೊಬ್ಬ ಕೇಳಿದ: "ಲೂಪ್ ಪೆಡಲ್ ತಗೋಬೇಕು ಅಂತಿದೀನಿ ಮಾರಾಯ, ಯಾವ್ದು ತಗೊಳ್ಳಲಿ? ಅಂಗಡಿಯವನು ದೊಡ್ಡದೇ ತಗೊಳ್ಳಿ, ಮುಂದಕ್ಕೆ ಬೇಕಾಗತ್ತೆ ಅಂದ." ಈ 'ಮುಂದಕ್ಕೆ ಬೇಕಾಗತ್ತೆ' ಅನ್ನೋ ಮಾತು ಕೇಳಿದ್ರೆ ನಂಗೆ ಮೈಯೆಲ್ಲಾ ಉರಿಯತ್ತೆ. ಯಾಕೆ ಅಂತ ಹೇಳ್ತೀನಿ ಕೇಳಿ.

ಗೊತ್ತಿಲ್ಲದವರಿಗೆ: ಲೂಪ್ ಪೆಡಲ್ ಅಂದ್ರೆ ಕಾಲಲ್ಲಿ ಒತ್ತೋ ಡಬ್ಬಿ. ಒಮ್ಮೆ ಒತ್ತಿ ಗಿಟಾರ್ ನುಡಿಸಿದ್ರೆ ರೆಕಾರ್ಡ್ ಆಗತ್ತೆ. ಇನ್ನೊಮ್ಮೆ ಒತ್ತಿದ್ರೆ ಅದನ್ನೇ ಸುತ್ತಿ ಸುತ್ತಿ ನುಡಿಸತ್ತೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ... ಒಬ್ಬನೇ ಕೂತು ಇಡೀ ಬ್ಯಾಂಡ್ ಆಗಬಹುದು.

ಮೂರು ವರ್ಷದ ಹಿಂದೆ ನಾನೂ ಅದೇ ಮಾತು ನಂಬಿ ದೊಡ್ಡ ಡಬ್ಬಿ ತಂದಿದ್ದೆ. ಮೂರು ಟ್ರ್ಯಾಕು, ಡ್ರಮ್ಮು, ಮೆನು ಒಳಗೊಂದು ಮೆನು. ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ನುಡಿಸೋಕೆ ಕೂತೆ. ಎರಡನೇ ಪದರದಲ್ಲಿ ಒಂದು ಅಪಸ್ವರ ಬಿತ್ತು. ಅಳಿಸೋಣ ಅಂತ ಒತ್ತಿದ್ರೆ ಇನ್ನೊಂದು ಟ್ರ್ಯಾಕ್ ಶುರು! ನಿಲ್ಲಿಸೋಣ ಅಂತ ಒತ್ತಿದ್ರೆ ಮತ್ತೆ ರೆಕಾರ್ಡ್! ನಿರೂಪಕಿ ಬಂದು ಧನ್ಯವಾದ ಹೇಳ್ತಿದ್ರೂ ಅಪಸ್ವರ ಸುತ್ತುತ್ತಲೇ ಇತ್ತು. ಕೊನೆಗೆ ಪ್ಲಗ್ ಕಿತ್ತೆ. ಆಮೇಲೆ ಎಂಟು ತಿಂಗಳು ಡಬ್ಬಿ ಮಂಚದ ಕೆಳಗೆ, ಗಿಟಾರ್ ಬೀರು ಮೇಲೆ. ಸಂಗೀತ ನನಗೆ ಒಲಿಯಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಕಲಿಯೋನ ಕೈಗೆ ತಪ್ಪು ಡಬ್ಬಿ ಕೊಟ್ರೆ ಹೋಗೋದು ಬರೀ ದುಡ್ಡಲ್ಲ ಸ್ವಾಮಿ.

ಈಗ ಲೆಕ್ಕ ನೋಡಿ. ನಿಮಿಷಕ್ಕೆ 80 ಬೀಟ್, ಬಾರಿಗೆ ನಾಲ್ಕು ಬೀಟ್ (ಸಂಗೀತದ ಬಾರು, ಕುಡಿಯೋದಲ್ಲ). ಎಂಟು ಬಾರಿನ ಲೂಪಿಗೆ ಬೇಕಾಗೋದು 24 ಸೆಕೆಂಡು. ಟಿಸಿ ಎಲೆಕ್ಟ್ರಾನಿಕ್ ಡಿಟ್ಟೋದಲ್ಲಿ 5 ನಿಮಿಷ ಇದೆ, ಬಾಸ್ ಆರ್‌ಸಿ-1ರಲ್ಲಿ 12 ನಿಮಿಷ. 2020ರಲ್ಲಿ ಬಂದ ಆರ್‌ಸಿ-5ರಲ್ಲಿ 13 ಗಂಟೆ, 99 ಮೆಮೊರಿ! ಮೊದಲ ಲೂಪೇ ಸರಿಯಾಗಿ ಮುಚ್ಚೋಕೆ ಬಾರದವನಿಗೆ ಅದು ಯಾಕೆ? 1999ರ ಲೈನ್ 6 ಡಿಎಲ್4ರಲ್ಲಿ ಸಿಗ್ತಿದ್ದದ್ದು 14 ಸೆಕೆಂಡು. ರೆಗ್ಗಿ ವಾಟ್ಸ್ ಅದನ್ನಿಟ್ಟುಕೊಂಡೇ ಜನರನ್ನ ಕುಣಿಸಿದ.

ಹೊಸಬರು ನೋಡಬೇಕಾದ್ದು ಬೇರೆಯೇ. ಮೊದಲನೇದು, ನಿಲ್ಲಿಸೋದು ಹೇಗೆ? ಡಿಟ್ಟೋ, ಆರ್‌ಸಿ-1 ಎರಡಕ್ಕೂ ಒಂದೇ ಸ್ವಿಚ್ಚು, ನಿಲ್ಲಿಸೋಕೆ ಪಟಪಟ ಎರಡು ಸಲ ಒತ್ತಬೇಕು. ಎರಡನೇ ಒತ್ತು ಸರಿಯಾಗಿ ಸಮದ ಮೇಲೆ ಬೀಳಬೇಕು. ಒಂದೇ ಬಟನ್‌ಗೆ ನಾಲ್ಕು ಕೆಲಸ ಕೊಟ್ರೆ ಬಗ್ ಬರೋದು ಕಾಲಿನಲ್ಲಿ! ಅದಕ್ಕೇ ಎರಡು ಸ್ವಿಚ್ಚಿರೋ ಡಿಟ್ಟೋ ಎಕ್ಸ್2 ತಗೊಳ್ಳಿ, ಇಲ್ಲಾ ಆರ್‌ಸಿ-1ಕ್ಕೆ ನಿಲ್ಲಿಸೋಕೇ ಅಂತ ಒಂದು ಹೊರಗಿನ ಸ್ವಿಚ್ ಸಿಕ್ಕಿಸಿ.

ಎರಡನೇದು, ಕರೆಂಟು. ಪೆಡಲ್ ಕೆಟ್ಟಿದೆ ಅಂತ ಬೈಯೋ ಎಷ್ಟೋ ಸಲ ಕೆಟ್ಟಿರೋದು ಅಡಾಪ್ಟರ್. ಒಂದೇ ಅಡಾಪ್ಟರನ್ನ ಡಿಸ್ಟಾರ್ಷನ್ ಪೆಡಲ್ ಜೊತೆ ಹಂಚಿಕೊಂಡ್ರೆ ಲೂಪರಿನಿಂದ ಕುಂಯ್ ಅನ್ನೋ ಸದ್ದು ನುಸುಳಬಹುದು. ಲೂಪರಿಗೆ ಬೇರೆ ಅಡಾಪ್ಟರ್ ಇಡಿ. ವೋಲ್ಟು, ಮಿಲಿಆಂಪು, ಪಿನ್ನಿನ ಪ್ಲಸ್ ಮೈನಸ್ಸು ಮೂರೂ ಪೆಡಲ್ ಮೇಲೆ ಬರೆದಿರೋದಕ್ಕೆ ಹೊಂದಬೇಕು.

ಮೂರನೇದು ಯಾವ ಅಂಗಡೀಲೂ ಸಿಗಲ್ಲ: ತಾಳ. ಲೂಪನ್ನ 50 ಮಿಲಿಸೆಕೆಂಡ್ ತಡವಾಗಿ ಮುಚ್ಚಿದ್ರೆ 20 ಸುತ್ತಿಗೆ ನೀವು ತಬಲಾದವನಿಗಿಂತ ಪೂರಾ ಒಂದು ಸೆಕೆಂಡ್ ಹಿಂದೆ! ಮೆಟ್ರೊನೋಮ್ ಹಾಕ್ಕೊಂಡು ಬರೀ ಒತ್ತೋದನ್ನೇ ಒಂದು ವಾರ ಅಭ್ಯಾಸ ಮಾಡಿ.

"ಮುಂದೆ ಸಾಲದೇ ಹೋದ್ರೆ?" ಅಂದ ಗೆಳೆಯ. ಸಾಲದೇ ಹೋದ್ರೆ ಸಂತೋಷ ಕಣಪ್ಪಾ! ನೀನು ಬೆಳೆದೆ ಅಂತ ಅರ್ಥ. ಚಿಕ್ಕದನ್ನ ಇನ್ನೊಬ್ಬ ಹೊಸಬನಿಗೆ ಮಾರಿ ದೊಡ್ಡದು ತಗೋ.

ನಾನಂತೂ ದೊಡ್ಡದನ್ನ ಮಾರಿ ಎರಡು ಸ್ವಿಚ್ಚಿನ ಚಿಕ್ಕದನ್ನ ತಂದೆ. ಗಿಟಾರ್ ಬೀರು ಮೇಲಿಂದ ಇಳೀತು. ನಿಮ್ಮ ಮಂಚದ ಕೆಳಗೆ ಯಾವ ಡಬ್ಬಿ ಇದೆ? ಹೇಳಿ ಮತ್ತೆ!