ಕುಸುಬಿಯ ದೂರದ ಬಂಧು

ಮಾಘಮಾಸದಲ್ಲಿ ಜಮಖಂಡಿ-ಮುಧೋಳಗಳ ಎರೆಹೊಲಗಳ ನಡುವೆ ಹೋಗುವವರು, ಜೋಳದ ಬದಿಯಲ್ಲಿ ಮುಳ್ಳುಗಿಡಗಳ ಸಾಲೊಂದು ಹಳದಿ-ಕೆಂಪು ಹೂ ಹೊತ್ತು ನಿಂತಿರುವದನ್ನು ಕಂಡಿರಬಹುದು. ಅದು ನಮ್ಮ ಕುಸುಬಿ. ದನಗಳು ಹೊಲಕ್ಕೆ ನುಗ್ಗದಿರಲೆಂದು ಹಿರಿಯರು ಅದನ್ನು ಬೇಲಿಯಂತೆ ಬಿತ್ತುತ್ತ ಬಂದರು. ಅದರ ಎಳೆಯ ಎಲೆ ಪಲ್ಲೆಗೂ, ಬೀಜವು ಎಣ್ಣೆಗೂ, ಬೀಜದ ಹಾಲು ಹುಗ್ಗಿಗೂ ಆಗುವದೆಂಬದನ್ನು ನಮ್ಮ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ಈ ಸಲ ಆ ಕುಸುಬಿಯ ದೂರದ ಬಂಧುವೊಂದರ ಸಂಗತಿಯನ್ನು ವಾಚಕರ ಮುಂದಿಡುವೆವು.

ಸೇವಂತಿಗೆ, ಸೂರ್ಯಕಾಂತಿ, ಗುರೆಳ್ಳು, ಕುಸುಬಿ ಇವೆಲ್ಲ ಒಂದೇ ಕುಲದವು. ಇವುಗಳಲ್ಲಿ ನಾವು ಒಂದು ಹೂವೆಂದು ಕರೆಯುವದು ನಿಜವಾಗಿ ಅನೇಕ ಕಿರುಹೂಗಳ ಕೂಟ. ಇದೇ ಕುಲದ ಒಂದು ಕಾಡುಹೂ ಅಮೇರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿದೆ. ಅಲ್ಲಿಯ ಡೆತ್ ವ್ಯಾಲಿ, ಎಂದರೆ ಸಾವಿನ ಕಣಿವೆಯಲ್ಲಿ, 1913ನೆಯ ಇಸವಿಯ ಜುಲೈ 10ರಂದು 56.7 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ದಾಖಲಾಯಿತು. ನಮ್ಮ ಸೀಮೆಗೆ ವರ್ಷಕ್ಕೆ ಸುಮಾರು 20 ಅಂಗುಲ ಮಳೆಯಾದರೆ, ಆ ಕಣಿವೆಯ ತಳಕ್ಕೆ ಬೀಳುವದು 2 ಅಂಗುಲ ಮಾತ್ರ. ಕಣಿವೆಯ ಪಶ್ಚಿಮಕ್ಕೆ ಪ್ಯಾನಮಿಂಟ್ ಎಂಬ ಪರ್ವತಸಾಲು. ಅದರ ಪಡುವಣ ಇಳಿಜಾರಿನ ಕಲ್ಲುಕೊರಕಲುಗಳಲ್ಲಿ ಬೆಳೆಯುವ ಈ ಹೂವಿಗೆ ಪ್ಯಾನಮಿಂಟ್ ಡೇಜಿಯೆಂದು ಹೆಸರು. ಜಗತ್ತಿನಲ್ಲಿ ಬೇರೆಲ್ಲಿಯೂ ಅದು ತಾನಾಗಿ ಹುಟ್ಟುವದಿಲ್ಲ. 1891ರಲ್ಲಿ ಆ ಪ್ರದೇಶದ ಸಸ್ಯಗಳನ್ನು ಶೋಧಿಸಿದ ಫ್ರೆಡರಿಕ್ ಕೋವಿಲ್ ಎಂಬ ಪಂಡಿತರ ಹೆಸರನ್ನು ಅದರ ಶಾಸ್ತ್ರೀಯ ನಾಮದಲ್ಲಿ ಸೇರಿಸಿರುವರು.

ಇಂಥ ಉರಿಯಲ್ಲಿ ಆ ಗಿಡ ಬದುಕುವ ಬಗೆ ನೋಡತಕ್ಕದ್ದು. ಎಲೆಗಳೆಲ್ಲ ಬುಡದಲ್ಲಿಯೇ ಗುಂಪಾಗಿರುವವು. ಅವುಗಳ ಮೈತುಂಬ ಬೆಳ್ಳಿಯಂತಹ ನವಿರಾದ ರೋಮ. ಆ ರೋಮವು ಬಿಸಿಲನ್ನು ಹಿಂದಕ್ಕೆ ಅಟ್ಟಿ, ಎಲೆಯ ತೇವವು ಆರಿಹೋಗದಂತೆ ಕಾಯುವದು. ವಸಂತದಲ್ಲಿ ಮೂರಡಿಯವರೆಗೆ ದಂಟು ಎದ್ದು, ಅದರ ತುದಿಗೆ ನಾಲ್ಕೈದು ಅಂಗುಲ ಅಗಲದ ಬಂಗಾರದ ಬಣ್ಣದ ಹೂ ಅರಳುವದು. 1965ರಲ್ಲಿ ಹುಟ್ಟಿದ ಕ್ಯಾಲಿಫೋರ್ನಿಯಾದ ಸ್ಥಳೀಯ ಸಸ್ಯಗಳ ಸಂಘವು ಇದನ್ನೇ ತನ್ನ ಲಾಂಛನವಾಗಿ ಮಾಡಿಕೊಂಡಿದೆ.

ಇಷ್ಟು ಚೆಲುವಾದುದನ್ನು ಮನೆಯಂಗಳಕ್ಕೆ ತರಬಾರದೇಕೆಂದು ಯಾರಿಗಾದರೂ ಅನಿಸೀತು. ಆದರೆ ಅದು ತೋಟಕ್ಕೆ ಒಗ್ಗುವದು ಬಲು ಕಷ್ಟ. ಕಲ್ಲನ್ನೂ ಬಿಸಿಲನ್ನೂ ನಂಬಿ ಬೆಳೆದದ್ದಕ್ಕೆ ಮೆತ್ತನೆಯ ಮಣ್ಣು, ನಿತ್ಯದ ನೀರು ಉಪಚಾರವಾಗುವದಿಲ್ಲ. ಅದನ್ನು ಉಳಿಸಬೇಕೆಂದರೆ ಅದರ ಬೆಟ್ಟವನ್ನೇ ಉಳಿಸಬೇಕು.

ಇದರಲ್ಲಿ ನಮಗೂ ಒಂದು ಮಾತಿದೆ. ಕುಸುಬಿಯೂ ಮಳೆಗಾಲ ಕಳೆದ ಮೇಲೆ ಎರೆಮಣ್ಣಿನ ಆಳಕ್ಕೆ ಬೇರಿಳಿಸಿ, ಅಲ್ಲಿ ಉಳಿದ ತೇವದಿಂದ ಬದುಕತಕ್ಕದ್ದು. ನೀರು ನಿಂತರೆ ಅದರ ಬೇರು ಕೊಳೆಯುವದು. ನೀರಾವರಿ ಬಂದು ಕಬ್ಬು ಹಬ್ಬಿದ ಹೊಲಗಳಲ್ಲಿ ಅದಕ್ಕೆ ಇಂಬಿಲ್ಲ. ರೈತನನ್ನು ನಾವು ದೂರುವದಿಲ್ಲ. ಕಬ್ಬಿನಿಂದ ಅವನ ಮನೆ ನಡೆಯಬೇಕು, ಮುಳ್ಳುಗಿಡ ಕೊಯ್ಯಲು ಆಳುಗಳು ಸುಲಭವಾಗಿ ಬರುವದಿಲ್ಲ. ಆದರೂ ಮಳೆಯನ್ನೇ ನೆಚ್ಚಿದ ಹೊಲವೊಂದು ಉಳಿದಿರುವ ಮನೆಯವರು, ಹಿಂಗಾರಿಯಲ್ಲಿ ಅದರ ಬದಿಗೆ ಕುಸುಬಿಯ ಒಂದೆರಡು ಸಾಲನ್ನಾದರೂ ಬಿತ್ತಲಿ, ಮುಂದಿನ ವರ್ಷಕ್ಕೆ ಹಿಡಿಬೀಜ ಎತ್ತಿಡಲಿ ಎಂದು ಬೇಡುವೆವು. ಡೇಜಿಗೆ ಅದರ ಬೆಟ್ಟವಾದರೂ ಇದೆ. ಬಿತ್ತುವ ಕೈಯೊಂದನ್ನು ಬಿಟ್ಟರೆ ಕುಸುಬಿಗೆ ಬೇರೆ ಆಸರೆಯಿಲ್ಲ.