ಹಲಾಲ್ ಆಯಿತು, ತಯ್ಯಿಬ್ ಎಲ್ಲಿ?

2022ರ ಯುಗಾದಿಯ ಆಸುಪಾಸಿನಲ್ಲಿ ರಾಜ್ಯದಲ್ಲಿ ಹಲಾಲ್ ವಿರೋಧಿ ಅಭಿಯಾನ ನಡೆದಾಗ, ಆ ಪದದ ಅರ್ಥವೇನೆಂದು ನಾಡಿಗೆ ತಿಳಿಸಲು ನಾವು ಸಾಕಷ್ಟು ಶ್ರಮಪಟ್ಟೆವು. ಅದು ಅಗತ್ಯವೂ ಆಗಿತ್ತು. ಆದರೆ ಪವಿತ್ರ ಕುರ್‌ಆನ್ ಅಲ್ ಬಕರ ಅಧ್ಯಾಯದ 168ನೇ ಸೂಕ್ತದಲ್ಲಿ ಆಹಾರದ ಕುರಿತು ಮಾನವರನ್ನು ಸಂಬೋಧಿಸುವಾಗ ಹಲಾಲ್‌ನ ಜೊತೆಗೇ ತಯ್ಯಿಬ್ ಎಂಬ ಇನ್ನೊಂದು ಪದವನ್ನೂ ಇರಿಸಿದೆ. ಶುದ್ಧವಾದುದು, ಉತ್ತಮವಾದುದು, ಹಿತವಾದುದು ಎಂಬುದು ಅದರ ವ್ಯಾಪ್ತಿ. ಈ ಎರಡನೆಯ ಪದದ ಮೇಲೆ ಯಾರೂ ದಾಳಿ ಮಾಡಲಿಲ್ಲ. ಅದನ್ನು ಮರೆತವರು ನಾವೇ. ಹಾಸ್ಟೆಲ್‌ನಲ್ಲಿರುವ ಮಗನಿಗೆ ಫೋನ್ ಮಾಡಿ 'ಅಲ್ಲಿ ಹಲಾಲ್ ಸಿಗುತ್ತದೆಯೇ' ಎಂದು ವಿಚಾರಿಸುವ ಹೆತ್ತವರಲ್ಲಿ ಎಷ್ಟು ಮಂದಿ 'ತರಕಾರಿ ತಿನ್ನುತ್ತೀಯಾ' ಎಂದು ಕೇಳುತ್ತಾರೆ?

ಮಲ್ಪೆಯಿಂದ ಮಣಿಪಾಲಕ್ಕೆ ಹೋಗುವವರು ಆದಿ ಉಡುಪಿಯನ್ನು ದಾಟಿಯೇ ಹೋಗಬೇಕು. ರಸ್ತೆಯ ಒಂದು ತುದಿಯಲ್ಲಿ ಬೂತಾಯಿ, ಬಂಗುಡೆ ಬಂದಿಳಿಯುವ ಬಂದರು. ನಡುವೆ ಆದಿ ಉಡುಪಿಯ ಎಪಿಎಂಸಿ ಪ್ರಾಂಗಣ, ತರಕಾರಿ ಮತ್ತು ಹಣ್ಣು. ಇನ್ನೊಂದು ತುದಿಯ ಗುಡ್ಡದ ಮೇಲೆ ವಿಶ್ವವಿದ್ಯಾನಿಲಯ; ಅಲ್ಲಿನ ಹೋಟೆಲ್ ಆಡಳಿತ ಕಾಲೇಜಿನಲ್ಲಿ ಪೌಷ್ಟಿಕ ಆಹಾರ ಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸಲಾಗುತ್ತದೆ. ಮೀನು, ಸೊಪ್ಪು, ವಿದ್ಯೆ ಮೂರೂ ಒಂದೇ ರಸ್ತೆಯಲ್ಲಿವೆ. ಆದರೂ ಸಂಜೆಯಾದಾಗ ಟೈಗರ್ ಸರ್ಕಲ್‌ನ ಸುತ್ತ ನಮ್ಮ ಮಕ್ಕಳ ಕೈಯಲ್ಲಿ ಕಾಣುವುದು ನೂಡಲ್ಸ್, ಶವರ್ಮ ಮತ್ತು ಕೋಲಾ.

ಪೌಷ್ಟಿಕತೆಯ ಪಾಠ ವ್ಯರ್ಥವೆಂದು ಇದರರ್ಥವಲ್ಲ. ಪಾಠ ಕೇಳಿದ ವಿದ್ಯಾರ್ಥಿ ಪೊಟ್ಟಣದ ಹಿಂಬದಿಯನ್ನು ಓದುತ್ತಾನೆ, ಎಷ್ಟು ಸಕ್ಕರೆ, ಎಷ್ಟು ಉಪ್ಪು ಎಂದು ತಿಳಿಯುತ್ತಾನೆ. ಆದರೆ ತಿಳಿವಳಿಕೆ ಬೇಗನೆ ಬದಲಾಗುತ್ತದೆ, ತಟ್ಟೆ ನಿಧಾನವಾಗಿ ಬದಲಾಗುತ್ತದೆ. ನಮ್ಮಲ್ಲೇ ನೋಡಿ. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ(ಸ)ಯವರ ಉಪದೇಶವು ಮದ್ರಸದ ಮಕ್ಕಳಿಗೂ ಗೊತ್ತು. ಮದುವೆಯ ಹಾಲ್‌ನಲ್ಲಿ ಬಿರಿಯಾನಿಯ ಬಟ್ಟಲು ಎದುರಿಗೆ ಬಂದಾಗ ಅದು ಎಷ್ಟು ಮಂದಿಗೆ ನೆನಪಾಗುತ್ತದೆ?

ಸರಕಾರದ ಕ್ರಮಗಳ ಕತೆಯೂ ಇದೇ. ಕ್ಯಾಂಪಸ್‌ನಲ್ಲಿ ಜಂಕ್ ಫುಡ್ ನಿಷೇಧಿಸಬೇಕೆಂದು ಯುಜಿಸಿ 2016ರಲ್ಲಿ ಸೂಚಿಸಿತು, 2018ರಲ್ಲಿ ಮತ್ತೆ ನೆನಪಿಸಿತು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಇಂಥ ತಿನಿಸುಗಳ ಮಾರಾಟವನ್ನು ತಡೆಯುವ 2020ರ ನಿಯಮವು ವಿಶ್ವವಿದ್ಯಾನಿಲಯಕ್ಕೆ ಅನ್ವಯಿಸುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯು, ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರಬಾರದು ಎನ್ನುತ್ತದೆ. ಅನ್ನದ ಮೇಲೆ ಒಂದು ಸೌಟು ತೆಳು ಸಾರು ಬಡಿಸುವ ಮೆಸ್‌ನಲ್ಲಿ ಉಣ್ಣುವ ಹುಡುಗ ಈ ಮಾರ್ಗಸೂಚಿಯನ್ನು ಬಾಯಿಪಾಠ ಮಾಡಿದರೂ ಏನು ಪ್ರಯೋಜನ?

ಫಿನ್‌ಲ್ಯಾಂಡ್ ಬೇರೆಯೇ ದಾರಿ ಹಿಡಿಯಿತು. ಅಲ್ಲಿ 1979ರಿಂದ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಊಟಕ್ಕೆ ಸರಕಾರ ಸಹಾಯಧನ ನೀಡುತ್ತಿದೆ. ಆ ಊಟ ನಿಗದಿತ ಪೌಷ್ಟಿಕ ಮಟ್ಟದಲ್ಲಿರಬೇಕು ಎಂಬುದು ಷರತ್ತು. ಕಲಿತದ್ದು ಕೈಗೆಟಕುವ ಬೆಲೆಯಲ್ಲಿ ತಟ್ಟೆಗೆ ಬರುತ್ತದೆ.

ಹಾಗಾದರೆ ನಮ್ಮ ಯುವಕರಿಗೆ ಅಭ್ಯಾಸ ಬದಲಿಸುವ ಶಕ್ತಿಯೇ ಇಲ್ಲವೇ? ಧಾರಾಳವಾಗಿದೆ. 2023ರ ಅಕ್ಟೋಬರ್ ಬಳಿಕ ಗಾಝಾದ ಮೇಲೆ ಬಾಂಬುಗಳು ಬೀಳತೊಡಗಿದಾಗ, ಈಜಿಪ್ಟ್ ಮತ್ತು ಪಾಕಿಸ್ತಾನಗಳಲ್ಲಿ ಜನರು ಅಮೆರಿಕದ ಕೋಲಾಗಳನ್ನು ಬಹಿಷ್ಕರಿಸಿದರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಫ್ರಿಜ್‌ನಿಂದಲೂ ಅವು ಹೊರಬಿದ್ದವು. ಯಾವ ಆಹಾರ ತಜ್ಞರಿಗೂ ಸಾಧ್ಯವಾಗದ್ದನ್ನು ಆತ್ಮಸಾಕ್ಷಿ ಕೆಲವೇ ವಾರಗಳಲ್ಲಿ ಸಾಧಿಸಿತು. ಆದರೆ ತೆರವಾದ ಜಾಗಕ್ಕೆ ಬಂದದ್ದು ಸ್ಥಳೀಯ ಕೋಲಾ. 300 ಮಿ.ಲೀ. ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇಡೀ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು. ಲೇಬಲ್ ಬದಲಾಯಿತು, ಸಕ್ಕರೆ ಬದಲಾಗಲಿಲ್ಲ. ರಮಝಾನ್‌ನ ಅನುಭವವೂ ಹೀಗೆಯೇ. ಹದಿಮೂರು ಗಂಟೆ ನೀರನ್ನೂ ಮುಟ್ಟದ ವಿದ್ಯಾರ್ಥಿ ಇಫ್ತಾರಿಗೆ ಕುಳಿತಾಗ ಖರ್ಜೂರದ ಪಕ್ಕದಲ್ಲಿ ಸಮೋಸ, ಕಟ್ಲೆಟ್, ಬಣ್ಣದ ಶರಬತ್ತುಗಳ ಸಾಲೇ ಇರುತ್ತದೆ. ಅದನ್ನು ಅಲ್ಲಿಟ್ಟವರು ಯಾರು?

ಇಲ್ಲಿ ಹೆಣ್ಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ಹರೆಯದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಕಾಪುವಿನಿಂದಲೋ ಆದಿ ಉಡುಪಿಯಿಂದಲೋ ಬೆಳಗಿನ ಬಸ್ಸು ಹಿಡಿಯುವ ಹುಡುಗಿ ಒಂದು ಲೋಟ ಚಹಾ, ಎರಡು ಬಿಸ್ಕತ್ತಿನಲ್ಲಿ ಮನೆಯಿಂದ ಹೊರಡುತ್ತಾಳೆ. ಊಟದೊಂದಿಗೆ ಕುಡಿದ ಚಹಾ ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಲಿಂಬೆ, ನೆಲ್ಲಿಕಾಯಿಗಳು ಅದಕ್ಕೆ ನೆರವಾಗುತ್ತವೆ. ಆಕೆ ಇದನ್ನು ತರಗತಿಯಲ್ಲಿ ಕಲಿತಿರಬಹುದು. ಆದರೆ ರಾತ್ರಿ ಗಂಡಸರು ಉಂಡೆದ್ದ ಬಳಿಕ ಉಳಿದ ಮೀನಿನ ತುಂಡೇ ಆಕೆಯ ಪಾಲಾದರೆ ಆ ಕಲಿಕೆ ಎಲ್ಲಿ ಕೆಲಸ ಮಾಡಬೇಕು? ಕಲಿತ ಮಗಳು ಅಡುಗೆಮನೆಯಲ್ಲಿ ಬಾಯಿ ತೆರೆದರೆ 'ನಾವೆಲ್ಲ ಹೀಗೆಯೇ ಬೆಳೆದವರು' ಎಂದು ಸುಮ್ಮನಾಗಿಸುವವರೂ ಇದ್ದಾರೆ. ಹಾಗೆ ಬೆಳೆದ ತಾಯಂದಿರಲ್ಲಿ ಎಷ್ಟು ಮಂದಿ ಇಂದು ಮಾತ್ರೆಯ ಡಬ್ಬಿ ಹಿಡಿದು ಕುಳಿತಿದ್ದಾರೆ ಎಂಬುದನ್ನು ಪ್ರತಿ ಮನೆಯೂ ಬಲ್ಲದು.

ಇದನ್ನು ಸರಿಪಡಿಸಲು ದುಬಾರಿ ಆಹಾರ ಬೇಕಿಲ್ಲ. ಕುಚ್ಚಲಕ್ಕಿ, ಬೂತಾಯಿ, ಹೆಸರುಕಾಳು, ಬಸಳೆ ಇವು ಕರಾವಳಿಯ ಸಾಮಾನ್ಯ ಮನೆಯ ಊಟ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವವು ಅಕ್ಕಿಯೊಳಗೆ ಇಳಿಯುತ್ತದೆ ಎಂಬುದನ್ನು ವಿಜ್ಞಾನ ಹೇಳುವ ಮೊದಲೇ ನಮ್ಮ ಹಿರಿಯರು ಕುಚ್ಚಲಕ್ಕಿ ಉಣ್ಣುತ್ತಿದ್ದರು. ಕಾಲೇಜು ಪರಿಸರದ ಹೋಟೆಲು, ಜ್ಯೂಸ್ ಅಂಗಡಿ, ಬೇಕರಿಗಳಲ್ಲಿ ಹಲವನ್ನು ನಡೆಸುವವರು ನಮ್ಮವರೇ. ಶವರ್ಮದ ಬದಿಯಲ್ಲಿ ಕುಚ್ಚಲಕ್ಕಿ ಗಂಜಿ ಮತ್ತು ಮೀನು ಸಾರನ್ನು ವಿದ್ಯಾರ್ಥಿಗಳ ಕಿಸೆಗೆ ಹೊಂದುವ ದರದಲ್ಲಿ ಇಟ್ಟು ನೋಡಬಾರದೇಕೆ? ಜ್ಯೂಸ್‌ಗೆ ಸಕ್ಕರೆ ಹಾಕುವ ಮೊದಲು ಬೇಕೇ ಎಂದು ಒಂದು ಮಾತು ಕೇಳಬಾರದೇಕೆ?

ಜಮಾಅತ್‌ಗಳು, ಸಂಘಟನೆಗಳು ಪ್ರತಿ ವರ್ಷ ವಿದ್ಯಾರ್ಥಿವೇತನ ಹಂಚುತ್ತವೆ. ಅರ್ಜಿಯಲ್ಲಿ ಅಂಕ ಕೇಳುತ್ತಾರೆ, ತಂದೆಯ ಆದಾಯ ಕೇಳುತ್ತಾರೆ. ಮುಂದಿನ ವರ್ಷ ಅದೇ ದಿನ ಸಭಾಂಗಣದ ಒಂದು ಮೂಲೆಯಲ್ಲಿ ಹೆಣ್ಮಕ್ಕಳ ಹಿಮೋಗ್ಲೋಬಿನ್ ಪರೀಕ್ಷೆಗೂ ಒಂದು ಮೇಜು ಇಡಲಿ. ಚೀಟಿಯಲ್ಲಿ ಬರುವ ಸಂಖ್ಯೆಯನ್ನು ಜೊತೆಗೆ ಬಂದ ತಂದೆಯೂ ಓದಲಿ.